ಪಕ್ಷಿಲೋಕದ ಶಾನುಭೋಗರು ಸಲೀಂ ಅಲಿಯವರು

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗರೆಂಬವರು ಇರುತ್ತಿದ್ದರು. ಊರಿನಲ್ಲಿ ಹೊಲವೆಷ್ಟು, ಕೆರೆಯೆಷ್ಟು, ಯಾವ ಭೂಮಿಗೆ ಯಾರು ಒಡೆಯರು, ಯಾವ ವರ್ಷ ಯಾವ ಬೆಳೆ ಬಂದಿತೆಂಬುದನ್ನೆಲ್ಲ ಕಡತದಲ್ಲಿ ಬರೆದಿಡುವುದು ಅವರ ವೃತ್ತಿಯಾಗಿತ್ತು. ಕಡತಕ್ಕೆ ಸೇರದ ಹೊಲಕ್ಕೆ ಒಡೆಯನಿಲ್ಲ. ಒಡೆಯನಿಲ್ಲದ ಹೊಲವನ್ನು ಕಂಡಕಂಡವರು ಒತ್ತಿಕೊಳ್ಳುತ್ತಿದ್ದರು. ಕಾಡಿನ ಸಣ್ಣ ಜೀವಿಗಳ ಪಾಡೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಹುಲಿ, ಆನೆ, ಕಾಟಿ, ಕಡವೆಗಳ ವಿಷಯವನ್ನು ಬೇಟೆಗಾರರು ಬರೆದಿಟ್ಟರು. ನೀಲಗಿರಿಯಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡಲು 1879ರಷ್ಟು ಹಿಂದೆಯೇ ಒಂದು ಶಾಸನವಾಯಿತು. ಆದರೆ ಬೇಟೆಗೂ ಬಾರದ, ಅಡಿಗೆಗೂ ಒದಗದ, ಹಿಡಿಯಷ್ಟು ಗಾತ್ರದ ಹಕ್ಕಿಗಳನ್ನು ಬೆಟ್ಟಬೆಟ್ಟಕ್ಕೆ ಹೋಗಿ ಎಣಿಸಿ ಬರೆದಿಡುವವರು ಬಹಳ ವಿರಳವಾಗಿದ್ದರು. ಆ ಕಡತವನ್ನು ತಮ್ಮ ಜೀವಮಾನವಿಡೀ ಬರೆದ ಮಹನೀಯರೇ ಡಾ. ಸಲೀಂ ಅಲಿಯವರು.

ವಾರ್ಷಿಕೋತ್ಸವದ ಸಂಚಿಕೆಗಳಲ್ಲಿ ಕವಿಗಳ, ಶರಣರ, ದಾಸರ ಚರಿತ್ರೆಗಳನ್ನು ಬರೆಯುವುದು ವಾಡಿಕೆ. ಮುಂಬಯಿಯಲ್ಲಿ ಹುಟ್ಟಿದ, ಕನ್ನಡ ಮಾತೃಭಾಷೆಯಲ್ಲದ ಪಕ್ಷಿಶಾಸ್ತ್ರಜ್ಞರೊಬ್ಬರನ್ನು ನಾವು ಆರಿಸಿಕೊಂಡುದೇಕೆಂದು ಹಿರಿಯರು ಕೇಳಬಹುದು. ಕಾರಣವು ನಮ್ಮ ಮನೆಯ ಅಂಗಳದಿಂದಲೇ ಕಾಣುತ್ತದೆ. ಪೋತ್ತನೂರಿನಲ್ಲಿ ನಿಂತು ಪಶ್ಚಿಮಕ್ಕೆ ಮುಖಮಾಡಿದರೆ ಬಲಗಡೆ ನೀಲಗಿರಿಗೆ ಸೇರಿದ ಬೆಟ್ಟಗಳು, ಎಡಗಡೆ ಆನೆಮಲೆಯ ಸಾಲು, ನಡುವೆ ಪಾಲಕ್ಕಾಡಿನ ಕಣಿವೆ. ಆಷಾಢದಲ್ಲಿ ನಮ್ಮ ಬೀದಿಗಳಲ್ಲಿ ಧೂಳೆಬ್ಬಿಸುವ ಗಾಳಿಯು ಆ ಕಣಿವೆಯ ಮೂಲಕವೇ ಬರುತ್ತದೆ. ಈ ಎರಡು ಬೆಟ್ಟಸಾಲುಗಳಲ್ಲಿಯೂ, ಅವುಗಳಾಚೆಗಿನ ಮೈಸೂರು ಸೀಮೆಯಲ್ಲಿಯೂ ಸಲೀಂ ಅಲಿಯವರು ಋತುಋತುವಿನಲ್ಲಿ ಗುಡಾರ ಹಾಕಿ ದುಡಿದರು. ಕೊಯಮತ್ತೂರಿನ ಪಕ್ಕದ ಆನೈಕಟ್ಟಿಯಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ. ನಮ್ಮ ಮಕ್ಕಳಲ್ಲಿ ಅನೇಕರು ಆ ಹೆಸರನ್ನು ಓದಿರಬಹುದು. ಆ ಹೆಸರಿನ ಹಿಂದಿನ ಬಾಳನ್ನು ತಿಳಿದವರು ಕಡಿಮೆ.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯ ಸುಲೇಮಾನಿ ಬೋಹ್ರಾ ಮನೆತನವೊಂದರಲ್ಲಿ ಜನಿಸಿದರು. ತಂದೆ ಮೊಯಿಜುದ್ದೀನರು, ತಾಯಿ ಜೀನತ್ ಉನ್ನಿಸಾ. ಒಡಹುಟ್ಟಿದವರಲ್ಲೆಲ್ಲ ಇವರೇ ಕಿರಿಯರು. ಹುಟ್ಟಿದ ಒಂದು ವರ್ಷಕ್ಕೆ ತಂದೆಯೂ, ಮೂರನೆಯ ವಯಸ್ಸಿಗೆ ತಾಯಿಯೂ ತೀರಿಕೊಂಡರು. ತಬ್ಬಲಿ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಮರೂ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಆ ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಅಬ್ಬಾಸ್ ತ್ಯಾಬ್ಜಿಯವರು ಇದೇ ಬಳಗದವರು.

ಬಾಲಕನಿಗೆ ಮಾವನವರು ಆಟದ ಬಂದೂಕೊಂದನ್ನು ಕೊಡಿಸಿದ್ದರು. ಹತ್ತು ವರ್ಷದ ಆಸುಪಾಸಿನಲ್ಲಿ ಅದರಿಂದ ಹೊಡೆದು ಕೆಡವಿದ ಒಂದು ಗುಬ್ಬಚ್ಚಿಯು ಉಳಿದವುಗಳಂತಿರಲಿಲ್ಲ. ಅದರ ಕೊರಳಲ್ಲಿ ಹಳದಿಯ ಮಚ್ಚೆಯಿತ್ತು. ಇದಾವ ಹಕ್ಕಿಯೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಡುಗನು ಅದನ್ನು ಹಿಡಿದುಕೊಂಡು, 1883ರಲ್ಲಿ ಸ್ಥಾಪಿತವಾಗಿದ್ದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಗೆ ಹೋದನು. ಅಲ್ಲಿಯ ಕಾರ್ಯದರ್ಶಿಗಳಾದ ಡಬ್ಲ್ಯು. ಎಸ್. ಮಿಲ್ಲಾರ್ಡರು ಹಕ್ಕಿಯನ್ನು ಗುರುತಿಸಿ ಹೇಳಿದುದಲ್ಲದೆ, ಕಪಾಟುಗಳನ್ನು ತೆರೆದು ಸಾಲುಸಾಲಾಗಿ ಜೋಡಿಸಿಟ್ಟ ಪಕ್ಷಿಗಳ ಚರ್ಮಗಳನ್ನು ತೋರಿಸಿದರು, ಓದಲು ಪುಸ್ತಕಗಳನ್ನೂ ಕೊಟ್ಟರು. ಹಿರಿಯರೊಬ್ಬರು ಚಿಕ್ಕ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕದೆ ಉತ್ತರ ಕೊಟ್ಟುದರ ಫಲವನ್ನು ಭರತಖಂಡವೇ ಉಂಡಿತು. ಮುಂದೆ ಸಲೀಂ ಅಲಿಯವರು 1985ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಆ ಗುಬ್ಬಚ್ಚಿಯ ಪತನದ ಹೆಸರನ್ನೇ ಇಟ್ಟರು.

ವಿದ್ಯಾಭ್ಯಾಸವು ಮಾತ್ರ ನೇರವಾಗಿ ಸಾಗಲಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನ ಮೊದಲ ವರ್ಷವೇ ಕಷ್ಟವಾಗಿ, ತರುಣನು ಓದನ್ನು ಬಿಟ್ಟು ಬರ್ಮಾ ದೇಶದ ತವಾಯಿಗೆ, ಮನೆತನದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೋದನು. ವ್ಯಾಪಾರಕ್ಕಿಂತ ಸುತ್ತಲಿನ ಕಾಡೇ ಹೆಚ್ಚು ಹಿಡಿಸಿತು. 1917ರಲ್ಲಿ ಹಿಂತಿರುಗಿ, ವಾಣಿಜ್ಯದ ಲೆಕ್ಕಪತ್ರಗಳನ್ನೂ ಪ್ರಾಣಿಶಾಸ್ತ್ರವನ್ನೂ ಒಟ್ಟೊಟ್ಟಿಗೆ ಅಭ್ಯಾಸ ಮಾಡಿದರು. 1918ರ ಡಿಸೆಂಬರಿನಲ್ಲಿ ತೆಹಮೀನಾ ಬೇಗಮರೊಡನೆ ವಿವಾಹವಾಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಕ್ಷಿಶಾಸ್ತ್ರಜ್ಞರ ಹುದ್ದೆಯು ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂಬ ಕಾರಣದಿಂದ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ನೋಡಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರ ಕೆಲಸ ದೊರೆಯಿತು; ತಿಂಗಳಿಗೆ 350 ರೂಪಾಯಿ ಸಂಬಳ. 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋಗಿ, ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಣಿ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮನ್ನರ ಬಳಿ ಶಿಷ್ಯವೃತ್ತಿ ಮಾಡಿದರು. 1930ರಲ್ಲಿ ಮರಳಿ ಬಂದಾಗ, ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಮೂವತ್ತನ್ನು ದಾಟಿದ ಗೃಹಸ್ಥರು. ಕೈಯಲ್ಲಿ ಪದವಿಯಿಲ್ಲ, ಉದ್ಯೋಗವಿಲ್ಲ. ಇಂಥ ಸ್ಥಿತಿಯಲ್ಲಿ ನಮ್ಮ ಮನೆಗಳಲ್ಲಿ ಏನೇನು ಮಾತುಗಳು ಬರುವುವೆಂಬುದನ್ನು ವಾಚಕರು ಊಹಿಸಬಲ್ಲರು. ಸಲೀಂ ಅಲಿಯವರು ಪತ್ನಿಯೊಡನೆ ಮುಂಬಯಿಯಾಚೆಯ ಕಿಹಿಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲಸಿದರು. ಅಲ್ಲಿ ಗೀಜಗನ ಹಕ್ಕಿಗಳು ಗೂಡು ನೇಯುತ್ತಿದ್ದುವು. ಮಳೆಗಾಲವೆಲ್ಲ ಅವುಗಳನ್ನು ನೋಡುತ್ತ ಕುಳಿತು, ಯಾರೂ ಸರಿಯಾಗಿ ಅರಿಯದಿದ್ದ ಸಂಗತಿಯೊಂದನ್ನು ಕಂಡುಹಿಡಿದರು. ಗಂಡು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ಣಗೊಳಿಸುತ್ತದೆ. ಆ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಇನ್ನೊಂದು ಗೂಡನ್ನು ಇನ್ನೊಂದು ಹೆಣ್ಣಿಗಾಗಿ ಆರಂಭಿಸುತ್ತದೆ. ಮಗ್ಗವೇ ಕುಲವೃತ್ತಿಯಾಗಿದ್ದ ನಮ್ಮ ಮನೆತನಗಳವರು ಈ ನೇಕಾರ ಹಕ್ಕಿಯ ಕಥೆಯನ್ನು ಕೇಳಿ ಸಂತೋಷಪಡದಿರರು. ಉದ್ಯೋಗವಿಲ್ಲದ ಆ ತಿಂಗಳುಗಳೇ ಅವರಿಗೆ ಶಾಸ್ತ್ರಜ್ಞರ ಮನ್ನಣೆಯನ್ನು ತಂದುಕೊಟ್ಟುವು.

ಅನಂತರ ಅವರು ಒಂದು ಯೋಜನೆಯನ್ನು ಮುಂದಿಟ್ಟರು. ದೇಶೀಯ ಸಂಸ್ಥಾನಗಳಲ್ಲಿ ಎಂಥೆಂಥ ಹಕ್ಕಿಗಳಿವೆಯೆಂಬುದಕ್ಕೆ ಕ್ರಮವಾದ ಲೆಕ್ಕವಿರಲಿಲ್ಲ. ಸಂಸ್ಥಾನದವರು ಪ್ರಯಾಣದ ಮತ್ತು ಬಿಡಾರದ ವೆಚ್ಚವನ್ನು ಕೊಟ್ಟರೆ ಸಾಕು, ತಾವು ಸಂಬಳವಿಲ್ಲದೆ ದುಡಿಯುವೆವೆಂದರು. ಹೀಗೆ 1931–32ರಲ್ಲಿ ಹೈದರಾಬಾದು, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, ಮುಂದೆ ಗ್ವಾಲಿಯರ್, ಇಂದೂರು, ಭೋಪಾಲ ಸಂಸ್ಥಾನಗಳ ಸರ್ವೇಕ್ಷಣೆಗಳು ನಡೆದುವು. ಆ ವರ್ಷಗಳಲ್ಲಿ ಕೆಲವು ತಿಂಗಳು ಅವರು ನಮ್ಮ ಮೇಟ್ಟುಪಾಳಯದ ಮೇಲಣ ಕೋತಗಿರಿಯಲ್ಲಿಯೂ ವಾಸವಾಗಿದ್ದರು. ಸೈನ್ಯದ ವೈದ್ಯರಾಗಿದ್ದು ನಿವೃತ್ತರಾದ ಕೆ. ಎಂ. ಅನಂತನ್ ಎಂಬವರು ಅವರನ್ನು ಅಲ್ಲಿಗೆ ಆಹ್ವಾನಿಸಿದ್ದರು. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಆರ್. ಸಿ. ಮಾರಿಸರ ಪರಿಚಯವಾದುದು ಕೋತಗಿರಿಯ ಈ ಬಳಗದ ಮೂಲಕವೇ. ಆ ಬೆಟ್ಟಸಾಲಿಗೆ ತಗುಲಿದ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ನಮ್ಮ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಹಕ್ಕಿಗಳಿಗೆ ಜಿಲ್ಲೆಯ ಗಡಿಯಿಲ್ಲ. ಗಡಿಯ ಈಚೆಗೆ ಉಳಿದ ನಾವು ಅದನ್ನು ಚೆನ್ನಾಗಿ ಬಲ್ಲೆವು.

ಈ ಸರ್ವೇಕ್ಷಣೆಯೆಂಬುದು ಹೇಗೆ ನಡೆಯುತ್ತಿತ್ತೆಂದು ಸ್ವಲ್ಪ ವಿವರಿಸಬೇಕು. ಬೆಟ್ಟದ ಒಂದು ಎತ್ತರದಲ್ಲಿ ಬಿಡಾರ ಹೂಡುವರು. ಬೆಳಕು ಹರಿಯುವುದಕ್ಕೆ ಮೊದಲೇ ಎದ್ದು ಕಾಡಿನಲ್ಲಿ ನಡೆಯುವರು. ಕಂಡುದನ್ನೂ ಕೇಳಿದುದನ್ನೂ ಗುರುತು ಹಾಕಿಕೊಳ್ಳುವರು. ಗುರುತಿಗೆ ಬೇಕಾದ ಕೆಲವು ಹಕ್ಕಿಗಳನ್ನು ಸಣ್ಣ ಚರೆಯಿಂದ ಹೊಡೆದು ತಂದು, ಅವು ಕೆಡುವುದರೊಳಗೆ ಚರ್ಮ ಬಿಡಿಸಿ, ಹತ್ತಿ ತುಂಬಿ ಒಣಗಿಸುವರು. ಒಂದೊಂದರ ಕಾಲಿಗೂ ಚೀಟಿ ಕಟ್ಟಿ, ಸಿಕ್ಕಿದ ಸ್ಥಳ, ತಾರೀಖು, ಎತ್ತರ, ಗಂಡೋ ಹೆಣ್ಣೋ, ಮರಿ ಮಾಡುವ ಕಾಲವೋ ಅಲ್ಲವೋ ಎಂಬುದನ್ನೆಲ್ಲ ಬರೆಯುವರು. ಹೊಟ್ಟೆಯನ್ನು ಸೀಳಿ ಅದು ಏನು ತಿಂದಿತ್ತೆಂಬುದನ್ನು ನೋಡುವರು. ಹುಳುವೋ, ಹಣ್ಣೋ, ಹೂವಿನ ಮಧುವೋ ಎಂಬುದರಿಂದ ಆ ಹಕ್ಕಿಯು ಕಾಡಿಗೂ ರೈತನಿಗೂ ಯಾವ ಉಪಕಾರ ಮಾಡುವುದೆಂಬುದು ತಿಳಿಯುತ್ತದೆ. ರಾತ್ರಿ ಲಾಂದ್ರದ ಬೆಳಕಿನಲ್ಲಿ ದಿನಚರಿ ಬರೆಯುವರು. ಕೆಲವು ದಿನಗಳಾದ ಮೇಲೆ ಬಿಡಾರ ಕಿತ್ತು ಮುಂದಿನ ಕಣಿವೆಗೆ ಹೋಗುವರು. ಜಿಗಣೆ, ಜ್ವರ, ಮಳೆ, ಹೊರೆಯಾಳುಗಳ ಅಭಾವ ಎಲ್ಲವನ್ನೂ ಸಹಿಸಬೇಕು. ಹೀಗೆ ಸಂಗ್ರಹಿಸಿದುದನ್ನು ಇಂಗ್ಲೆಂಡಿನಲ್ಲಿದ್ದ ಹ್ಯೂ ವಿಸ್ಲರರು ಪರೀಕ್ಷಿಸಿ ಜಾತಿನಿರ್ಣಯ ಮಾಡುತ್ತಿದ್ದರು.

ಬೆಟ್ಟವನ್ನು ಒಂದು ಸಲ ನೋಡಿದರೆ ಸಾಲದು. ಹಳ್ಳಿಗರು ಕುಂಡೆಕುಸ್ಕವೆನ್ನುವ ಸಿಪಿಲೆ ಹಕ್ಕಿಯಲ್ಲಿ ಕೆಲವು ಜಾತಿಗಳು ಮಳೆಗಾಲದ ಕೊನೆಗೆ ಹಿಮಾಲಯದ ಕಡೆಯಿಂದ ಬಂದು, ಬೇಸಗೆ ಬಲಿತಾಗ ಹಿಂತಿರುಗುತ್ತವೆ. ಮೇ ತಿಂಗಳಲ್ಲಿ ಮಾತ್ರ ಬೆಟ್ಟಕ್ಕೆ ಹೋದವನು ಅಂಥ ಹಕ್ಕಿಯೇ ಇಲ್ಲವೆಂದು ಬರೆದಾನು. ಡಿಸೆಂಬರಿನಲ್ಲಿ ಮಾತ್ರ ಹೋದವನು ಅದು ಇಲ್ಲಿಯದೇ ಎಂದು ಬರೆದಾನು. ಇಬ್ಬರದೂ ತಪ್ಪು. ಆದುದರಿಂದ ಋತುವಿನ ಲೆಕ್ಕವಿಲ್ಲದ ಸರ್ವೇಕ್ಷಣೆಯು ತಾರೀಖಿಲ್ಲದ ಪತ್ರದಂತೆ.

ಸ್ಥಳದ ಲೆಕ್ಕವೂ ಅಷ್ಟೇ ಮುಖ್ಯ. ನಮ್ಮ ಪಾಲಕ್ಕಾಡು ಕಣಿವೆಯ ಅಗಲ ಸುಮಾರು 30 ಕಿಲೋಮೀಟರು. ರೈಲಿಗೆ ಅದು ಒಂದು ಗಳಿಗೆಯ ದಾರಿ. ಆದರೆ ಬೆಟ್ಟದ ತುದಿಯ ಶೋಲೆಕಾಡುಗಳಲ್ಲಿ ಮಾತ್ರ ಬಾಳಬಲ್ಲ ಸಣ್ಣ ಹಕ್ಕಿಗೆ ಅದೊಂದು ಸಮುದ್ರ. ನೀಲಗಿರಿಯಲ್ಲಿ ನಗುವಂತೆ ಕೂಗುವ ಹರಟೆಮಲ್ಲ ಹಕ್ಕಿಯು ಕಣಿವೆಯ ದಕ್ಷಿಣಕ್ಕಿಲ್ಲ. ಆನೆಮಲೆ, ಪಳನಿಮಲೆಗಳಲ್ಲಿ ಅದರ ದಾಯಾದಿಯಾದ ಬೇರೊಂದು ಜಾತಿಯಿದೆ. ಚೀಟಿಯ ಮೇಲೆ ಕೊಯಮತ್ತೂರಿನ ಬೆಟ್ಟವೆಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಕಣಿವೆಯ ಯಾವ ಮಗ್ಗುಲೆಂಬುದನ್ನು ಬರೆಯಬೇಕು.

ತಿರುವಾಂಕೂರು ಮತ್ತು ಕೊಚ್ಚಿಯ ಸರ್ವೇಕ್ಷಣೆಯು 1933ರ ಜನವರಿಯಲ್ಲಿ ಆರಂಭವಾದುದು ಮರಯೂರಿನಲ್ಲಿ. ಉಡುಮಲಪೇಟೆಯಿಂದ ಬೆಟ್ಟವೇರಿ ಹೋದರೆ ಸಿಗುವ ಗಂಧದ ಕಾಡಿನ ಊರು ಅದು. ಮುಂದೆ ಮುನ್ನಾರು, ಪೀರ್ಮೇಡು, ತಟ್ಟೆಕಾಡು, ನೆಲ್ಲಿಯಾಂಪತಿ, ಪರಂಬಿಕುಳಂ ಪ್ರದೇಶದ ಕುರಿಯಾರ್‌ಕುಟ್ಟಿ ಮೊದಲಾದ ಕಡೆಗಳಲ್ಲಿ ಬಿಡಾರ ಬಿದ್ದಿತು. ಕುರಿಯಾರ್‌ಕುಟ್ಟಿಯು, ಚಾಲಕ್ಕುಡಿಯಿಂದ ಕಾಡಿನೊಳಕ್ಕೆ ತೇಗದ ಮರಗಳನ್ನು ಸಾಗಿಸಲು ಹಾಕಿದ್ದ ಟ್ರಾಮ್ ದಾರಿಯ ಮೇಲಿತ್ತು. 1963ರಲ್ಲಿ ಆ ಟ್ರಾಮು ನಿಂತುಹೋಯಿತು. ನಾವು ಪೊಳ್ಳಾಚಿಯಿಂದ ಸೇತುಮಡೆಯ ದಾರಿಯಾಗಿ ಪರಂಬಿಕುಳಕ್ಕೆ ಹೋಗಿ ಅಣೆಕಟ್ಟು ನೋಡಿ ಬರುವೆವು. ಅದಕ್ಕೂ ಬಹಳ ಮೊದಲೇ, ಭೀಮರಾಜನ ಕೂಗನ್ನೂ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದನ್ನೂ ಕೇಳಿ ಬರೆದುಕೊಳ್ಳುತ್ತ ಆ ದಂಪತಿಗಳು ಅಲ್ಲಿ ದಿನಗಳನ್ನು ಕಳೆದಿದ್ದರು.

ದಂಪತಿಗಳೆಂದು ಬೇಕೆಂದೇ ಬರೆದಿದ್ದೇವೆ. ತೆಹಮೀನಾ ಬೇಗಮರು ಸುಖವಾಗಿ ಬೆಳೆದ ಮನೆಯವರು. ಆದರೂ ಪತಿಯೊಡನೆ ಕಾಡಿನ ಬಿಡಾರಗಳಲ್ಲಿದ್ದು, ವ್ಯವಸ್ಥೆಯನ್ನೆಲ್ಲ ನೋಡಿಕೊಂಡು, ಅವರ ಬರೆವಣಿಗೆಯ ಇಂಗ್ಲಿಷನ್ನು ತಿದ್ದಿ ಸೊಗಸುಗೊಳಿಸಿದರು. ಸಂಬಳವಿಲ್ಲದ ಪತಿಯ ಕೆಲಸವನ್ನು ಹುಚ್ಚೆನ್ನದೆ ತಮ್ಮದೆಂದು ಭಾವಿಸಿದರು. ಗ್ರಂಥಗಳ ಮುಖಪುಟದಲ್ಲಿ ಅವರ ಹೆಸರಿಲ್ಲ. ಒಳಪುಟಗಳಲ್ಲಿ ಅವರ ಶ್ರಮವಿದೆ.

1939ರಲ್ಲಿ ದೊಡ್ಡ ಆಘಾತವೊಂದು ಬಂದೆರಗಿತು. ಸಣ್ಣದೊಂದು ಶಸ್ತ್ರಚಿಕಿತ್ಸೆಯ ತರುವಾಯ ತೆಹಮೀನಾ ಬೇಗಮರು ತೀರಿಕೊಂಡರು. ಇಪ್ಪತ್ತು ವರ್ಷಗಳ ಸಂಗಡವು ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ಮಕ್ಕಳಿರಲಿಲ್ಲ. ಡೆಹರಾಡೂನಿನ ಮನೆಯನ್ನು ಬಿಟ್ಟು, ಮುಂಬಯಿಯಲ್ಲಿ ಸೋದರಿ ಕಮೂ ಅವರ ಮನೆಗೆ ಬಂದರು. ಮುಂದೆ ಎಂದೂ ಮರುಮದುವೆಯಾಗಲಿಲ್ಲ. ಜೊತೆಯಲ್ಲಿ ನಡೆದವರಿಲ್ಲದೆ ಇನ್ನು ಬೆಟ್ಟವೇಕೆ, ಬಿಡಾರವೇಕೆಂದು ಅವರು ಕುಳಿತುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ ಅದೇ ವರ್ಷದ ಚಳಿಗಾಲದಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸರ್ವೇಕ್ಷಣೆಗೆ ಅವರು ಹೊರಟರು. ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದ ಘಟ್ಟವಿದು. 1939–40ರ ಆ ಋತುವಿನಲ್ಲಿ ಬಯಲುಸೀಮೆ ಮಲೆನಾಡುಗಳೆರಡರಲ್ಲಿಯೂ ಸಂಚರಿಸಿ, ಹಿಂದಿನಂತೆಯೇ ಬೆಳಗಿನಲ್ಲಿ ನಡೆದು, ಹಿಂದಿನಂತೆಯೇ ಚೀಟಿ ಕಟ್ಟಿ, ಹಿಂದಿನಂತೆಯೇ ರಾತ್ರಿ ದಿನಚರಿ ಬರೆದರು. ಬರೆದುದನ್ನು ತಿದ್ದುವ ಕೈ ಮಾತ್ರ ಇರಲಿಲ್ಲ. ಆ ಸರ್ವೇಕ್ಷಣೆಯ ವರದಿಯು 1942–43ರಲ್ಲಿ ಮುಂಬಯಿಯ ಸೊಸೈಟಿಯ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾಯಿತು. ಮೈಸೂರು ಸೀಮೆಯ ಹಕ್ಕಿಗಳ ವಿಷಯದಲ್ಲಿ ಅದು ಮೂಲಗ್ರಂಥವೆಂದು ಗಣ್ಯವಾಗಿದೆ. ದುಃಖವನ್ನು ಮರೆಯಲು ಅವರು ಹೋದರೆಂದು ನಾವು ಹೇಳಲಾರೆವು. ದುಃಖವನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋದರೆನ್ನುವುದು ಹೆಚ್ಚು ಸರಿ.

ಅದರ ಫಲವನ್ನು ನಮ್ಮ ಕಣ್ಣಾರೆ ಕಾಣಬಹುದು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ನದಿಯ ನಡುವೆ ನಡುಗಡ್ಡೆಗಳು ಉಂಟಾಗಿದ್ದುವು. ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕಿನ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುತ್ತಿದ್ದುದನ್ನು ಕಂಡ ಸಲೀಂ ಅಲಿಯವರು ಅದನ್ನು ರಕ್ಷಿಸಬೇಕೆಂದು ಮೈಸೂರು ಅರಸರಿಗೆ ಅರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮೈಸೂರಿನ ನೆಂಟರ ಮನೆಗೆ ಹೋದಾಗ ನಮ್ಮ ಮಕ್ಕಳು ಅಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿ ನಲಿಯುತ್ತಾರೆ. ಪತ್ನಿಯನ್ನು ಕಳೆದುಕೊಂಡ ವರ್ಷವೇ ಮನೆಯಲ್ಲಿ ಕೂರದೆ ಹೊರಟ ಒಬ್ಬರ ಕಾಣಿಕೆಯದು.

ಮುಂದಿನ ಜೀವಿತವು ಕೀರ್ತಿಯ ಕಥೆ. ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1941ರಲ್ಲಿ ಸಾಮಾನ್ಯ ವಾಚಕರಿಗಾಗಿ ಬರೆದ ಭಾರತದ ಹಕ್ಕಿಗಳ ಪುಸ್ತಕವು ಮನೆಮನೆಗೆ ಹೋಯಿತು. ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಬರೆದ 10 ಸಂಪುಟಗಳ ಮಹಾಗ್ರಂಥವು 1974ಕ್ಕೆ ಮುಗಿಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದುವು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಪದವಿಯಿಲ್ಲವೆಂದು ಹುದ್ದೆ ತಪ್ಪಿದವರಿಗೆ ವಿಶ್ವವಿದ್ಯಾನಿಲಯಗಳು ತಾವಾಗಿ ಡಾಕ್ಟರ್ ಪದವಿಯನ್ನು ಕೊಟ್ಟುವು. ಮೋಟಾರ್ ಸೈಕಲ್ಲಿನ ಹುಚ್ಚೊಂದು ಅವರಿಗಿತ್ತು. 1950ರಲ್ಲಿ ಸ್ವೀಡನ್ನಿನ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ವಾಹನವನ್ನು ಹಡಗಿನಲ್ಲಿ ಸಾಗಿಸಿಕೊಂಡು ಹೋಗಿ, ಐವತ್ತನ್ನು ದಾಟಿದ ವಯಸ್ಸಿನಲ್ಲಿ ಯೂರೋಪನ್ನು ಸುತ್ತಿದರು.

ಹಕ್ಕಿಗಳನ್ನು ಪ್ರೀತಿಸುವವರು ಹಕ್ಕಿಗಳನ್ನೇ ಹೊಡೆದರಲ್ಲವೆ ಎಂದು ತರಗತಿಯಲ್ಲಿ ಹುಡುಗರು ನಮ್ಮನ್ನು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ ಸರಿ. ಆ ಕಾಲದಲ್ಲಿ ಜಾತಿಯನ್ನು ನಿಶ್ಚಯಿಸಲು ಬೇರೆ ಮಾರ್ಗವಿರಲಿಲ್ಲ. ಬೇಕಾದಷ್ಟನ್ನು ಮಾತ್ರ ತೆಗೆಯಬೇಕೆಂಬುದು ಅವರ ನಿಯಮವಾಗಿತ್ತು. ಕಾಲವು ಬದಲಾದಾಗ ಅವರೂ ಬದಲಾದರು. 1959ರಿಂದ ಅವರ ನೇತೃತ್ವದಲ್ಲಿ ಮುಂಬಯಿಯ ಸೊಸೈಟಿಯು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿ, ಜೀವಂತವಾಗಿ ಹಾರಿಬಿಡುವ ಕೆಲಸವನ್ನು ದೊಡ್ಡದಾಗಿ ನಡೆಸಿತು. ಸತ್ತ ಹಕ್ಕಿಯ ಕಾಲಿಗೆ ಕಟ್ಟುತ್ತಿದ್ದ ಚೀಟಿಯ ಬದಲು ಬದುಕಿರುವ ಹಕ್ಕಿಯ ಕಾಲಿಗೆ ಉಂಗುರ ಬಂದಿತು.

ಚೀಟಿಯ ಮಹಿಮೆಯನ್ನು ತೋರಿಸುವ ಇನ್ನೊಂದು ಪ್ರಸಂಗವಿದೆ. 1948ರಲ್ಲಿ ಆಂಗಸ್ ಹಟ್ಟನ್ ಎಂಬವರು ತೇನಿ ಸೀಮೆಯ ಮೇಘಮಲೆಯಲ್ಲಿ ಹಿಡಿದ ಬಾವಲಿಯೊಂದನ್ನು ಸಾಮಾನ್ಯ ಜಾತಿಯದೆಂದು ಭಾವಿಸಿ ಮುಂಬಯಿಯ ಸಂಗ್ರಹದಲ್ಲಿ ಇಟ್ಟಿದ್ದರು. 1972ರಲ್ಲಿ ಥಾಯ್ ದೇಶದ ವಿಜ್ಞಾನಿಯೊಬ್ಬರು ಅದನ್ನು ಪರೀಕ್ಷಿಸಿ, ಲೋಕಕ್ಕೆ ಅದುವರೆಗೆ ತಿಳಿಯದಿದ್ದ ಜೀವಿಯೆಂದು ಕಂಡು, ಅದಕ್ಕೆ ಸಲೀಂ ಅಲಿಯವರ ಹೆಸರನ್ನಿಟ್ಟರು. ಸ್ಥಳ, ತಾರೀಖುಗಳ ಬರೆಹವಿದ್ದುದರಿಂದಲೇ ಅದನ್ನು ಹುಡುಕುತ್ತ ಮತ್ತೆ ಆ ಬೆಟ್ಟಕ್ಕೆ ಹೋಗಲು ಸಾಧ್ಯವಾಯಿತು.

ನಮ್ಮ ನೀಲಗಿರಿಯ ಪಶ್ಚಿಮದ ಮಗ್ಗುಲಿನಲ್ಲಿರುವ ಸೈಲೆಂಟ್ ವ್ಯಾಲಿಯ ಕಾಡನ್ನು ವಿದ್ಯುತ್ತಿನ ಅಣೆಕಟ್ಟಿನಲ್ಲಿ ಮುಳುಗಿಸುವ ಯೋಜನೆ ಬಂದಾಗ, ವೃದ್ಧರಾಗಿದ್ದ ಸಲೀಂ ಅಲಿಯವರು ಅಲ್ಲಿಗೆ ಹೋಗಿ ನೋಡಿ ಬಂದು ಅದನ್ನು ಕೈಬಿಡುವಂತೆ ಪ್ರಾರ್ಥಿಸಿದರು. ಅನೇಕರ ಹೋರಾಟದಿಂದ 1983ರಲ್ಲಿ ಯೋಜನೆಯು ನಿಂತಿತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅವರ ಮಾತಿಗೆ ತೂಕ ಬಂದುದು ಎಲ್ಲಿಂದ? ಕಾಡಿನಲ್ಲಿ ಏನಿದೆಯೆಂದು ಐವತ್ತು ವರ್ಷ ಬರೆದಿಟ್ಟವರು, ಅದು ಹೋದರೆ ಏನು ಹೋಗುವುದೆಂದು ಹೇಳಬಲ್ಲವರಾಗಿದ್ದರು. ಬರಿಯ ಭಾವನೆಗೆ ಆ ತೂಕವಿಲ್ಲ.

1987ರ ಜೂನ್ 20ರಂದು, 90 ವರ್ಷ ತುಂಬಿದ್ದ ಅವರು ಮುಂಬಯಿಯಲ್ಲಿ ಕಾಲವಾದರು. 1990ರಲ್ಲಿ ಆನೈಕಟ್ಟಿಯ ಬೆಟ್ಟದ ತಪ್ಪಲಿನಲ್ಲಿ ಅವರ ಹೆಸರಿನ ಪಕ್ಷಿಶಾಸ್ತ್ರ ಮತ್ತು ನಿಸರ್ಗ ಕೇಂದ್ರವು ಸ್ಥಾಪಿತವಾಯಿತು. 2023ರಲ್ಲಿ ಅದು ಭಾರತೀಯ ವನ್ಯಜೀವಿ ಸಂಸ್ಥೆಯೊಡನೆ ಕೂಡಿಕೊಂಡರೂ ಹೆಸರು ಉಳಿದಿದೆ.

ಈ ಜೀವನದಿಂದ ನಮ್ಮ ಮನೆಗಳು ಕಲಿಯಬೇಕಾದುದೇನು? ಮಕ್ಕಳೆಲ್ಲರೂ ಪಕ್ಷಿಶಾಸ್ತ್ರಜ್ಞರಾಗಲಿ ಎಂದು ನಾವು ಹೇಳುವುದಿಲ್ಲ. ಎಣಿಕೆಗೆ ಬಾರದ ಸಣ್ಣದನ್ನು ಒಬ್ಬರು ಶ್ರದ್ಧೆಯಿಂದ ನೋಡಿ ಬರೆದಿಟ್ಟರೆ, ಅದಕ್ಕೆ ಉಳಿಯುವ ಹಕ್ಕು ಬರುತ್ತದೆ. ಗಡಿಯ ಈಚೆ ಕೆಲವೇ ಮನೆಗಳಲ್ಲಿ ಉಳಿದಿರುವ ನಮ್ಮ ನುಡಿಗೂ ಈ ಮಾತು ಸಲ್ಲುತ್ತದೆ. ನಮ್ಮ ಅಜ್ಜಿಯರು ಗೊರವಂಕ, ಪಿಕಳಾರ, ಸೂರಕ್ಕಿ, ಕಾಜಾಣ ಎಂದು ಹಿತ್ತಿಲ ಹಕ್ಕಿಗಳನ್ನು ಹೆಸರಿಟ್ಟು ಕರೆಯುತ್ತಿದ್ದರು. ಆ ಹೆಸರುಗಳಲ್ಲಿ ಎಷ್ಟು ನಮ್ಮ ಮಕ್ಕಳ ಬಾಯಲ್ಲಿವೆ? ಬರುವ ಮಾಗಿಯಲ್ಲಿ ಒಂದು ಬೆಳಗ್ಗೆ ಪೋತ್ತನೂರಿನ ಮಕ್ಕಳು ಒಂದು ನೋಟುಪುಸ್ತಕವನ್ನು ಹಿಡಿದು, ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಕೆರೆಯ ಏರಿಯ ಮೇಲೆ ನಡೆಯಲಿ. ಕಂಡ ಹಕ್ಕಿಯ ಹೆಸರು, ಸ್ಥಳ, ತಾರೀಖುಗಳನ್ನು ಕನ್ನಡದಲ್ಲಿ ಬರೆಯಲಿ. ಬೇಸಗೆಯಲ್ಲಿ ಮತ್ತೊಮ್ಮೆ ಹೋಗಿ ಬರೆಯಲಿ. ಹಕ್ಕಿಯೂ ಹೆಸರೂ ಒಂದೇ ಪುಟದಲ್ಲಿ ಉಳಿಯುವುವು. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವವು ಇದಕ್ಕಿಂತ ಬೇರೊಂದಿಲ್ಲವೆಂದು ನಾವು ನಂಬಿದ್ದೇವೆ.